ಚಿರತೆ ಇಲ್ಲ ಎಂಬ ಸುದ್ದಿ

ನನ್ನ ಹಳದಿ ನೂಲಿನ ಸೀರೆಯೊಂದರ ಮೇಲೆ ಅಂಗೈಯಗಲದ ಕಲೆಯೊಂದಿದೆ. ಸುತ್ತ ಕೆಂಪು, ನಡುವೆ ಕಪ್ಪು. ನಿಂಬೆಹಣ್ಣು ತಿಕ್ಕಿ ನೋಡಿದ್ದೇನೆ, ಸೀಗೆಪುಡಿ ಹಚ್ಚಿ ನೋಡಿದ್ದೇನೆ, ಎದುರು ಮನೆಯವರು ಹೇಳಿದರೆಂದು ಸೀಮೆಎಣ್ಣೆಯಲ್ಲೂ ಅದ್ದಿ ನೋಡಿದ್ದೇನೆ. ಕಲೆ ಹೋಗಲಿಲ್ಲ, ವಾಸನೆ ಮಾತ್ರ ಸೇರಿಕೊಂಡಿತು. ಈಗ ಆ ಸೀರೆ ಉಡುವಾಗ ಕಲೆ ನೆರಿಗೆಯೊಳಗೆ ಹೋಗುವಂತೆ ಉಡುತ್ತೇನೆ. ನಡೆಯುವಾಗ ಅದು ಆಗಾಗ ಇಣುಕುತ್ತದೆ. ಯಾರಾದರೂ ಕೇಳಿದರೆ, ಚಿರತೆ ಕಾಲಿಟ್ಟಿದ್ದು ಎನ್ನುತ್ತೇನೆ. ಅಷ್ಟಕ್ಕೇ ನಿಲ್ಲಿಸಿದ್ದರೆ ಊರಿನಲ್ಲಿ ನನ್ನ ಬಗ್ಗೆ ಒಳ್ಳೆಯ ಮಾತು ಹುಟ್ಟುತ್ತಿತ್ತು. ಆದರೆ ಎದುರಿಗಿದ್ದವರು ಬಾಯಿ ತೆರೆಯುತ್ತಿದ್ದ ಹಾಗೆಯೇ ನನಗೆ ಒಳಗೊಳಗೆ ಕಸಿವಿಸಿ ಶುರುವಾಗುತ್ತದೆ. "ಅಂದರೆ, ಚಿರತೆ ಎಂದು ಪತ್ರಿಕೆಗಳಲ್ಲಿ ಬಂದಿದ್ದ ಪ್ರಾಣಿ" ಎಂದು ತಿದ್ದುತ್ತೇನೆ. ಆಮೇಲೆ ಪೂರ್ತಿ ಹೇಳದೆ ಗತಿಯಿಲ್ಲ.

ನಾನು ಹೊಸಪೇಟೆಯ ವರದಿಗಾರ್ತಿ. ಪತ್ರಿಕೆ ದೊಡ್ಡದೇನಲ್ಲ. ಆದರೂ ಸುದ್ದಿ ಕಳಿಸುವವಳು ಚುರುಕಾಗಿರಬೇಕು, ನಾನು ನಿಧಾನ. ಒಲೆ ಆರಿಸಿದೆಯಾ ಎಂದು ಕೇಳಿದರೆ ಹೋಗಿ ನೋಡಿ ಬಂದು ಉತ್ತರ ಹೇಳುವವಳು. ಸಾರಿಗೆ ಉಪ್ಪು ಸರಿಯಿದೆಯಾ ಎಂದರೆ ಎರಡು ಸಲ ರುಚಿ ನೋಡುತ್ತೇನೆ. ಅಷ್ಟರಲ್ಲಿ ಕೇಳಿದವರು ಊಟ ಮುಗಿಸಿ ಕೈ ತೊಳೆದಿರುತ್ತಾರೆ.

ಈ ರೋಗ ಅಪ್ಪನಿಂದ ಬಂದದ್ದು. ಅವರು ಹಂಪಿಯ ಒಂದು ಸಣ್ಣ ಗುಡಿಯಲ್ಲಿ ಪೂಜೆ ಮಾಡುತ್ತಿದ್ದರು. ನಮ್ಮ ಗುಡಿಯ ಎದುರಿಗೊಂದು ಮುರಿದ ಕಂಬವಿತ್ತು. ಬೆಳಿಗ್ಗೆ ಬಂದ ಗೈಡು ಅದನ್ನು ಆನೆ ಕಟ್ಟುವ ಕಂಬ ಎನ್ನುತ್ತಿದ್ದ. ಮಧ್ಯಾಹ್ನದವನ ಬಾಯಲ್ಲಿ ಅದೇ ಕಂಬ ರಾಣಿಯ ಉಯ್ಯಾಲೆಯದಾಗುತ್ತಿತ್ತು. ಪ್ರವಾಸಿಗಳು ಗುಡಿಯೊಳಗೆ ಬಂದು, ಸ್ವಾಮಿ, ಇದು ಎಷ್ಟು ಹಳೇದು ಎಂದು ಕೇಳಿದರೆ ಅಪ್ಪ ತೀರ್ಥದ ಉದ್ಧರಣೆ ಕೆಳಗಿಟ್ಟು ಯೋಚಿಸಿ, "ನಾ ಹುಟ್ಟೋಕ್ಕಿಂತ ಮೊದ್ಲಿಂದ ಅದ. ಅಷ್ಟು ಖಾತ್ರಿ" ಎನ್ನುತ್ತಿದ್ದರು. ಆನೆಯೂ ಇಲ್ಲದ, ರಾಣಿಯೂ ಇಲ್ಲದ ಇಂಥ ಉತ್ತರಕ್ಕೆ ಯಾರು ತಾನೇ ದಕ್ಷಿಣೆ ಹಾಕಿಯಾರು? ಅಮ್ಮನಿಗೆ ಇದರ ಬಗ್ಗೆ ತಕರಾರಿತ್ತು.

ಒಮ್ಮೆ ನೈವೇದ್ಯಕ್ಕಿಟ್ಟಿದ್ದ ಬಾಳೆಹಣ್ಣಿನ ಚಿಪ್ಪು ಮಾಯವಾಯಿತು. ಕೋತಿ ಎಂದು ಎಲ್ಲರೂ ಅಂದರು. ಹಂಪಿಯಲ್ಲಿ ಏನು ಕಳೆದರೂ ಅದು ಕೋತಿಯೇ. ಬಾಗಿಲಲ್ಲಿ ಕೂತಿದ್ದ ನನ್ನನ್ನು ಅಪ್ಪ ಕರೆದು ಏನು ಕಂಡೆ ಎಂದು ಕೇಳಿದರು. ಬಾಲ ಕಂಡೆ ಎಂದೆ. ಕೋತಿ ಹಣ್ಣು ಒಯ್ದದ್ದನ್ನು ಕಂಡೆಯಾ ಎಂದರು. ಇಲ್ಲ, ಬಾಲವಷ್ಟೇ ಎಂದೆ. ಅಪ್ಪ ಮಂಟಪದ ಸುತ್ತ ಒಂದು ಸುತ್ತು ಹಾಕಿ, ನಂದಿಯ ಹಿಂದೆ ಸಿಪ್ಪೆಗಳನ್ನೂ ಅವುಗಳ ಪಕ್ಕದಲ್ಲಿ ನನ್ನ ಅಣ್ಣನನ್ನೂ ಪತ್ತೆ ಮಾಡಿದರು. ಅಣ್ಣ ಇವತ್ತಿಗೂ ನನ್ನ ಎದುರಿಗೆ ಬಾಳೆಹಣ್ಣು ತಿನ್ನುವುದಿಲ್ಲ.

ಇಂಥ ಸ್ವಭಾವ ಹೊತ್ತು ಪತ್ರಿಕೆಗೆ ಸೇರಿದೆ. ನಮ್ಮ ಕಡೆಯ ವರದಿಗಾರರಲ್ಲಿ ಒಂದು ಪದ್ಧತಿಯಿದೆ. ಹೊಸಪೇಟೆ, ಸಂಡೂರು, ಕಂಪ್ಲಿಯವರೆಲ್ಲ ಸೇರಿ ವಾಟ್ಸಾಪಿನಲ್ಲಿ ಒಂದು ಗುಂಪು ಮಾಡಿಕೊಂಡಿದ್ದೇವೆ. ಸಂಡೂರಿನ ಸಭೆಗೆ ಸಂಡೂರಿನವನು ಹೋಗುತ್ತಾನೆ, ಸುದ್ದಿ ಬರೆದು ಗುಂಪಿಗೆ ಹಾಕುತ್ತಾನೆ. ಉಳಿದವರು ತಲೆಬರಹ ಬದಲಿಸಿ, ಮೊದಲನೆಯ ವಾಕ್ಯ ಎರಡನೆಯದು ಮಾಡಿ, ತಂತಮ್ಮ ಪತ್ರಿಕೆಗೆ ಕಳಿಸುತ್ತಾರೆ. ಕಂಪ್ಲಿಯ ಸೇತುವೆ ಮುಳುಗಿದಾಗ ಕಂಪ್ಲಿಯವನ ಸರದಿ, ಹಂಪಿಗೆ ಮಂತ್ರಿ ಬಂದಾಗ ನನ್ನದು. ಇದನ್ನು ಹೀನಾಯವಾಗಿ ಹೇಳುತ್ತಿಲ್ಲ. ನಮಗೆ ಬರುವ ಸಂಬಳದಲ್ಲಿ ಪೆಟ್ರೋಲು ಹಾಕಿಸಿಕೊಂಡು ಎಲ್ಲ ಕಡೆ ಓಡಾಡುವುದು ಆಗದ ಮಾತು. ನಾನೂ ಹೋಗದ ಎಷ್ಟೋ ಸಭೆಗಳ ಚಪ್ಪಾಳೆಯನ್ನು ಓದುಗರಿಗೆ ಮುಟ್ಟಿಸಿದವಳೇ.

ಮಳೆಗಾಲದ ಒಂದು ಸಂಜೆ ಸಂಡೂರಿನ ಎರ್ರಿಸ್ವಾಮಿ ಗುಂಪಿಗೊಂದು ಸುದ್ದಿ ಹಾಕಿದ. ಗಾದಿಗನೂರಿನ ಹತ್ತಿರ ರಸ್ತೆ ಬದಿಯ ಮಿರ್ಚಿ ಅಂಗಡಿಯ ಹಿಂದೆ ಚಿರತೆ ಪ್ರತ್ಯಕ್ಷ, ಜನರಲ್ಲಿ ಆತಂಕ. ಜೊತೆಗೆ ಯಾರೋ ಓಡುವ ಕಾರಿನಿಂದ ಹೊಡೆದ ಫೋಟೋ. ತುಂತುರು ಹನಿ, ಮಬ್ಬು, ಒಣಹುಲ್ಲಿನ ಹಿಂದೆ ಕೆಂಪಗಿನದೇನೋ ಒಂದು, ಅದರ ಬೆನ್ನ ಮೇಲೆ ಕಪ್ಪು ಚುಕ್ಕೆಗಳು. ಅವತ್ತು ನಾನು ಕಂಪ್ಲಿಯಲ್ಲಿ ಚಿಕ್ಕಪ್ಪನ ಮೊಮ್ಮಗುವಿನ ನಾಮಕರಣದಲ್ಲಿ ಹೋಳಿಗೆ ತಿನ್ನುತ್ತಿದ್ದೆ, ಫೋನಿನಲ್ಲಿ ಚಾರ್ಜ್ ಇರಲಿಲ್ಲ. ಹಾಗಾಗಿ ಆ ಸುದ್ದಿಯನ್ನು ಕಳಿಸಲಿಲ್ಲ. ಇದರಲ್ಲಿ ನನ್ನ ದೊಡ್ಡಸ್ತಿಕೆ ಏನೂ ಇಲ್ಲ, ಇದ್ದರೆ ಹೋಳಿಗೆಯದು.

ನಮ್ಮ ಪತ್ರಿಕೆಯವರು ಸುಮ್ಮನಿರಲಿಲ್ಲ. ಬೇರೆ ಕಡೆಯಿಂದ ಅದೇ ಸುದ್ದಿ ತರಿಸಿಕೊಂಡು ಮೇಲೆ 'ಹೊಸಪೇಟೆ' ಎಂದು ಹಾಕಿ ಅಚ್ಚು ಮಾಡಿದರು. ಮಬ್ಬು ಫೋಟೋ ಚೆನ್ನಾಗಿಲ್ಲವೆಂದು ಅದರ ಜಾಗಕ್ಕೆ ತಮ್ಮ ಸಂಗ್ರಹದಿಂದ ಒಂದು ಸೊಗಸಾದ ಚಿರತೆಯನ್ನು ಕೂರಿಸಿದರು. ಅದು ಮರದ ಕೊಂಬೆಯ ಮೇಲೆ ಮಲಗಿ ಆಕಳಿಸುತ್ತಿತ್ತು. ಅಂಥ ಮರ ಗಾದಿಗನೂರಿನ ಸುತ್ತಮುತ್ತ ಎಲ್ಲೂ ಇಲ್ಲ.

ಸುದ್ದಿ ಬಂದ ಮೂರನೆಯ ದಿನ ಬೆಳಿಗ್ಗೆ ಹೊಸಪೇಟೆಯ ತರಕಾರಿ ಮಾರ್ಕೆಟ್ಟಿನ ಪಕ್ಕ, ಪತ್ರಿಕೆ ಏಜೆಂಟರ ಅಂಗಡಿಯಲ್ಲಿ ನಿಂತಿದ್ದೆ. ಹೆಂಗಸೊಬ್ಬಳು ಹೆಗಲಿಗೆ ಮೆಣಸಿನಕಾಯಿ ಚೀಲ ಹಾಕಿಕೊಂಡು, ಏಜೆಂಟರನ್ನು ಏನೋ ಕೇಳಿ, ನೇರ ನನ್ನ ಹತ್ತಿರ ಬಂದಳು. ಕೈಯಲ್ಲಿ ನಮ್ಮ ಪತ್ರಿಕೆ, ಅದರಲ್ಲಿ ಆಕಳಿಸುವ ಚಿರತೆ. ಹೆಸರು ಹುಲಿಗೆಮ್ಮ ಎಂದು ಆಮೇಲೆ ತಿಳಿಯಿತು. ಆ ಮಿರ್ಚಿ ಅಂಗಡಿ ಅವಳದು.

"ಇದನ್ನ ನೀವಾ ಏನ್ರಿ ಬರದಾಕಿ?"

ನಾನಲ್ಲ ಎಂದೆ. ಅದು ನಿಜ. ಆದರೆ 'ಹೊಸಪೇಟೆ' ಎಂದು ಅಚ್ಚಾದ ಸುದ್ದಿಗೆ ಹೊಸಪೇಟೆಯ ವರದಿಗಾರ್ತಿ ನಾನಲ್ಲ ಎಂದರೆ ಆ ನಿಜಕ್ಕೆ ಬೆಲೆ ಎಷ್ಟು ಎಂದು ಹೇಳುತ್ತಿರುವಾಗಲೇ ಅನ್ನಿಸಿತು.

"ಲಾರಿಯವ್ರು ನಿಂದ್ರವಲ್ರು ಅಕ್ಕಾರ" ಎಂದಳು. ದನಿ ಏರಿಸಲಿಲ್ಲ. "ಇದಾ ಪೇಪರ್‌ನ್ಯಾಗ ನಾನು ಮಿರ್ಚಿ ಕಟ್ಟಿ ಕೊಡ್ತಿದ್ದೆ. ಈಗ ಪೇಪರ್ ಅಷ್ಟಾ ಉಳದೈತಿ."

ಸಂಡೂರಿನ ಗುಡ್ಡದಿಂದ ಅದಿರು ತುಂಬಿಕೊಂಡು ಬರುವ ಲಾರಿಗಳವರು ಅವಳ ಗಿರಾಕಿಗಳು. ಸಂಜೆ ಅಲ್ಲಿ ಇಳಿದು, ಒಗ್ಗರಣೆ ಮಂಡಕ್ಕಿ, ಮಿರ್ಚಿ ತಿಂದು, ಕಾಲು ಚಾಚಿ ಕೂತು, ಚಾ ಕುಡಿದು ಹೋಗುವವರು. ಆ ಬಾಣಲೆಯ ಮೇಲೆ ಅವಳು, ಅವಳ ಅತ್ತೆ, ಬಳ್ಳಾರಿಯಲ್ಲಿ ನರ್ಸಿಂಗ್ ಓದುವ ಮಗಳು, ಮೂವರ ಬದುಕು ನಿಂತಿತ್ತು. ಹೀಗೇ ಇನ್ನೊಂದು ವಾರ ನಡೆದರೆ ಅಂಗಡಿ ಕಿತ್ತು ಬೇರೆಯವರ ಹೊಲಕ್ಕೆ ಕೂಲಿಗೆ ಹೋಗುವುದೇ ಎಂದಳು. ಚಿರತೆಯನ್ನು ಅವಳು ಕಂಡಿದ್ದಾಳೆಯೇ ಎಂದು ಕೇಳಿದೆ. ಇಲ್ಲ, ಆದರೆ ಪೇಪರಿನಲ್ಲಿ ಬಂದ ಮೇಲೆ ಇರಲೇಬೇಕಲ್ಲ ಎಂದಳು. ತನ್ನ ಅಂಗಡಿಯ ಹಿತ್ತಲ ಬಗ್ಗೆ ಅವಳು ತನ್ನ ಕಣ್ಣಿಗಿಂತ ನಮ್ಮ ಮಾತನ್ನು ಹೆಚ್ಚು ನಂಬಿದ್ದಳು.

ಅವತ್ತೇ ಸಂಜೆ ಸ್ಕೂಟರಿನಲ್ಲಿ ಹೋದೆ. ಅಂಗಡಿಯ ಹಿಂದೆ ಅರಣ್ಯ ಇಲಾಖೆಯವರು ತಂದಿಟ್ಟ ಬೋನು ಬಾಯಿ ತೆರೆದುಕೊಂಡು ಕೂತಿತ್ತು. ಒಳಗೆ ಕಟ್ಟಲು ಹುಲಿಗೆಮ್ಮನ ನಾಯಿಯನ್ನು ಕೇಳಿದರಂತೆ. ನಿಮ್ಮ ಸಾಹೇಬರನ್ನೇ ಕೂರಿಸಿಕೊಳ್ಳಿ, ಮೈಕೈ ತುಂಬಿಕೊಂಡಿದ್ದಾರೆ ಎಂದು ಅವಳು ಕಳಿಸಿದಳಂತೆ. ಬೋನು ಖಾಲಿಯೇ ಇತ್ತು. ಆದರೂ ಕೆಡುಕು ಮಾಡುವಷ್ಟು ಮಾಡಿತ್ತು. ಸುದ್ದಿಯನ್ನು ಅನುಮಾನಿಸುವವರು ಸಿಕ್ಕಾರು, ಬೋನನ್ನು ಅನುಮಾನಿಸುವವರು ಯಾರಿದ್ದಾರೆ?

ಈಗ ಹೇಳುವುದನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ಬೆಂಚಿನ ಮೇಲೆ ನಾನು ಕೂತಿದ್ದೆ. ಹುಲಿಗೆಮ್ಮ ಚಾ ಕೊಟ್ಟು, ನನಗೆ ಬೆನ್ನು ಮಾಡಿ ಒಲೆಗೆ ಸೌದೆ ತುಂಬುತ್ತಿದ್ದಳು. ಎದುರಿಗೆ ಕೆಟ್ಟು ನಿಂತ ಒಂದು ಲಾರಿ, ಡ್ರೈವರು ಮೆಕ್ಯಾನಿಕ್ಕನ್ನು ಕರೆತರಲು ಹೋಗಿದ್ದ. ಹೊತ್ತು ಮುಳುಗಿತ್ತು, ಬೆಳಕು ಪೂರಾ ಹೋಗಿರಲಿಲ್ಲ. ಲಾರಿಯ ಅಡಿಯಲ್ಲಿ ಏನೋ ಅಲುಗಿತು. ಮೊದಲು ತಲೆ ಬಂತು. ಆಮೇಲೆ ಹೆಗಲು. ಬಣ್ಣ ಕೆಂಗಂದು. ಬೆನ್ನ ಮೇಲೆ ಕಪ್ಪು ಚುಕ್ಕೆಗಳು, ಕೆಲವು ದುಂಡಗೆ, ಕೆಲವು ಹರಡಿಕೊಂಡು. ಅದು ಪೂರ್ತಿ ಹೊರಗೆ ಬಂದು, ಮುಂಗಾಲು ಚಾಚಿ, ಸೊಂಟ ಮೇಲೆತ್ತಿ ಮೈ ಮುರಿಯಿತು. ಕೂಗಬೇಕೆಂದುಕೊಂಡೆ. ಕೈಯಲ್ಲಿದ್ದ ಚಾ ಲೋಟದಿಂದ ಚಾ ತಾನಾಗಿಯೇ ತುಳುಕಿ ಖಾಲಿಯಾಗುತ್ತಿತ್ತು. ಅದು ನನ್ನನ್ನು ನೋಡಿತು, ನನ್ನ ಕಡೆಗೆ ಬಂತು. ಚಿರತೆಗೆ ಬಾಲ ಅಲ್ಲಾಡಿಸುವ ಅಭ್ಯಾಸ ಇದೆಯೇ ಎಂದು ಯೋಚಿಸಿದ್ದು ನೆನಪಿದೆ. ಯೋಚನೆ ಮುಗಿಯುವ ಮೊದಲೇ ಅದು ಎರಡೂ ಮುಂಗಾಲು ನನ್ನ ತೊಡೆಯ ಮೇಲಿಟ್ಟು ಗಲ್ಲ ನೆಕ್ಕಿತು.

"ಏ ಬಿಳ್ಯಾ, ಇಳಿಲೇ. ಅಕ್ಕಾರ ಸೀರಿ" ಎಂದಳು ಹುಲಿಗೆಮ್ಮ, ತಿರುಗಿಯೂ ನೋಡದೆ.

ನಾಯಿಗೆ ಬಿಳಿಯ ಎಂಬ ಹೆಸರು ಏಕೆ ಎಂದು, ದನಿ ಬಂದ ಮೇಲೆ ಕೇಳಿದೆ. ಹುಟ್ಟಿದಾಗ ಬೆಳ್ಳಗಿತ್ತಂತೆ. ಆ ರಸ್ತೆಯಲ್ಲಿ ಅದಿರಿನ ಧೂಳು ಬೀಳದ ಜಾಗವಿಲ್ಲ. ಬೇವಿನ ಎಲೆ ಕೆಂಪು, ತಗಡು ಕೆಂಪು, ಡ್ರೈವರುಗಳ ರೆಪ್ಪೆ ಕೂಡ ಕೆಂಪು. ನಾಯಿ ಮಲಗುವುದೇ ಆ ಧೂಳಿನಲ್ಲಿ, ಅದೂ ನಿಂತ ಲಾರಿಗಳ ಅಡಿಯಲ್ಲಿ, ಎಂಜಿನ್ನಿನ ಬಿಸಿಗೆ. ಹಳೆಯ ಲಾರಿಗಳಿಂದ ಕರಿ ಎಣ್ಣೆ ಬೆನ್ನ ಮೇಲೆ ಹನಿಹನಿಯಾಗಿ ಬೀಳುತ್ತದೆ. ದಿನವೂ ನೋಡುವವರಿಗೆ ಅದು ಹೊಲಸಾದ ನಾಯಿ. ಮಳೆಯಲ್ಲಿ ಓಡುವ ಕಾರಿನವರಿಗೆ?

ಫೋನು ತೆಗೆದು ಆ ಮಬ್ಬು ಫೋಟೋವನ್ನು ನಾಯಿಯ ಪಕ್ಕಕ್ಕೆ ಹಿಡಿದೆ. ಹುಲಿಗೆಮ್ಮ ಫೋಟೋ ನೋಡಿದಳು, ನಾಯಿಯನ್ನು ನೋಡಿದಳು, ಮತ್ತೆ ಫೋಟೋ ನೋಡಿದಳು. ಸೆರಗು ಬಾಯಿಗಿಟ್ಟುಕೊಂಡು ನೆಲಕ್ಕೆ ಕೂತೇಬಿಟ್ಟಳು. ನಗು ಹತ್ತಿದರೆ ನಿಲ್ಲುವ ಹೆಂಗಸಲ್ಲ ಅವಳು. ನಾನೂ ನಕ್ಕೆ. ಸ್ವಲ್ಪ ಹೊತ್ತಿಗೆ ಅವಳೇ ಕಣ್ಣೊರೆಸಿಕೊಂಡು, "ಅಂದ್ರ, ನನ್ ಹೊಟ್ಟಿ ಮ್ಯಾಲೆ ಹೊಡದಿದ್ದು ನನ್ ನಾಯಿನಾ ಆತು" ಎಂದಳು.

"ನಾಯಿ ಅಲ್ಲವ್ವಾ. ನಾವು" ಎಂದೆ.

ಮರುದಿನ ಬೆಳಿಗ್ಗೆ ಎರ್ರಿಸ್ವಾಮಿಯನ್ನು ಅಲ್ಲಿಗೇ ಕರೆಸಿದೆ. ಅವನು ಕೆಟ್ಟವನಲ್ಲ. ರಸ್ತೆಯಲ್ಲಿ ಅಪಘಾತ ಕಂಡರೆ ಫೋಟೋ ಮರೆತು ಗಾಯಾಳುವನ್ನು ಬೈಕಿನಲ್ಲಿ ಕೂರಿಸಿಕೊಂಡು ಆಸ್ಪತ್ರೆಗೆ ಓಡುವವನು. ಬಿಳಿಯನ ಸುತ್ತ ಒಂದು ಸುತ್ತು ಬಂದು, ಹೆಲ್ಮೆಟ್ ತೆಗೆದು, ತಲೆ ಕೆರೆದುಕೊಂಡ. "ಭಾಳ ಚಲೋ ಚಿರತಿ ಐತಿ ಬಿಡ್ರಿ ಅಕ್ಕಾ" ಎಂದ. ಆಮೇಲೆ ಬೆಂಚಿನ ಮೇಲೆ ಕೂತು ಉಪಾಯ ಹೇಳಿದ.

ಉಪಾಯ ಹೊಸದಲ್ಲ. ಚಿರತೆ ಸುದ್ದಿಯನ್ನು ಮುಗಿಸಲು ನಮ್ಮಲ್ಲಿ ಒಂದು ಗೊತ್ತಾದ ದಾರಿಯಿದೆ. ಚಿರತೆ ಸಂಡೂರಿನ ಕಾಡಿಗೆ ಮರಳಿದೆ, ಜನ ನಿಟ್ಟುಸಿರು ಬಿಟ್ಟಿದ್ದಾರೆ ಎಂದು ಬರೆಯುವುದು. ಹಾಗೆ ಬರೆದರೆ ಲಾರಿಗಳು ನಿಲ್ಲುತ್ತವೆ, ಇಲಾಖೆಯವರು ಬೋನು ಒಯ್ಯುತ್ತಾರೆ, ಪತ್ರಿಕೆಗೆ ಮುಂದಿನ ಸುದ್ದಿ ಸಿಗುತ್ತದೆ, ಎರ್ರಿಸ್ವಾಮಿಯ ಮಾನವೂ ಉಳಿಯುತ್ತದೆ. ಯಾರಿಗೆ ನಷ್ಟ? ಆ ವಾಕ್ಯವನ್ನು ನಾನೂ ಮನಸ್ಸಿನಲ್ಲಿ ಹೊರಳಿಸಿ ನೋಡಿದೆ. ದುಂಡಗಿತ್ತು, ಎಲ್ಲೂ ಚುಚ್ಚುತ್ತಿರಲಿಲ್ಲ. ಹುಲಿಗೆಮ್ಮನಿಗೂ ಅದು ಹಿಡಿಸಿತು. ಹೋಯಿತು ಎಂದು ಬರೆದರೆ ಸಾಕಲ್ಲ, ನನಗೆ ಗಿರಾಕಿ ಬಂದರಾಯಿತು ಎಂದಳು.

ನಾನು ಎಂದಿನಂತೆ ತಡವಾಗಿ ಮಾತಾಡಿದೆ. "ಹೋಗಿದ್ದು ತಿರುಗಿ ಬರ್ತದ ಹುಲಿಗೆಮ್ಮ. ಮುಂದಿನ ಮಳಿಗೆ ಯಾರರ ಮತ್ತೊಂದು ಫೋಟೋ ಹೊಡೀತಾರ. ನಿನ್ನ ನಾಯಿ ಎಲ್ಲೂ ಹೋಗಂಗಿಲ್ಲಲ್ಲ. ಇಲ್ಲದ್ದು ಇಲ್ಲ ಅಂತ ಬರದ್ರ ಮಾತ್ರ ಅದು ಬರಂಗಿಲ್ಲ."

ಅವಳು ಮೆಣಸಿನಕಾಯಿ ತೊಟ್ಟು ಮುರಿಯುವುದನ್ನು ನಿಲ್ಲಿಸಿದಳು. ನಂತರ ಎರ್ರಿಸ್ವಾಮಿಯ ಕಡೆ ತಿರುಗಿದಳು. "ನೀವು ತಂದ ಚಿರತಿ ರೀ ಅದು. ನೀವಾ ಇಲ್ಲಂತ ಹೇಳ್ರಿ."

"ನನಗ ಚಿರತಿ ಎರ್ರಿಸ್ವಾಮಿ ಅಂತ ಕರೀತಾರವ್ವಾ, ಸಾಯೂತನಕ."

"ನನಗ ಹುಲಿಗೆಮ್ಮ ಅಂತ ಕರೀತಾರ. ನಾನೇನು ಸತ್ತೀನಾ?"

ಅಲ್ಲಿಗೆ ಅದು ತೀರ್ಮಾನವಾಯಿತು. ಎರ್ರಿಸ್ವಾಮಿ ಪ್ಯಾಂಟು ಮಡಚಿಕೊಂಡ. ಮೊದಲು ಬಿಳಿಯನ ಫೋಟೋ ಇದ್ದ ಹಾಗೆಯೇ ತೆಗೆದೆವು. ಬಾಣಲೆಯ ಹಳೆಯ ಕಡಲೆಕಾಯಿ ಎಣ್ಣೆ ಹಚ್ಚಿ ತಿಕ್ಕಿ, ಸಾಬೂನು ಹಾಕಿ, ಡ್ರಮ್ಮಿನ ನೀರು ಮುಗಿಯುವವರೆಗೆ ತೊಳೆದೆವು. ಚಿರತೆ ಕೆಂಪು ನೀರಾಗಿ ಚರಂಡಿಗೆ ಹರಿಯಿತು. ಒಳಗಿನಿಂದ ಬೆಳ್ಳಗಿನ, ತೆಳ್ಳಗಿನ, ತುಸು ನಾಚಿಕೊಂಡ ನಾಯಿಯೊಂದು ಹೊರಬಂತು. ಅದನ್ನೂ ಫೋಟೋ ತೆಗೆದೆವು. ನಾಯಿಯ ಮೈ ಬಿಟ್ಟು ಹೋದದ್ದು ನನ್ನ ಸೀರೆಯನ್ನು ಮಾತ್ರ ಏಕೆ ಬಿಡಲಿಲ್ಲವೋ ಗೊತ್ತಿಲ್ಲ.

ಅವಳ ಹೆಸರು ಹಾಕಬಹುದೇ ಎಂದು ಕೇಳಿದೆ. ಬೇಡ, ನಗುತ್ತಾರೆ, ಅಂಗಡಿ ಎಲ್ಲಿದೆ ಎನ್ನುವುದನ್ನು ಮಾತ್ರ ಸರಿಯಾಗಿ ಹಾಕಿ ಎಂದಳು. (ಇಲ್ಲಿ ಹೆಸರು ಹೇಳಲು ಆಮೇಲೆ ಒಪ್ಪಿಗೆ ಕೊಟ್ಟಿದ್ದಾಳೆ.)

ಇನ್ನು ನಮ್ಮ ಸುದ್ದಿ ಸಂಪಾದಕರು. ಫೋನಿನಲ್ಲಿ ಎಲ್ಲ ಕೇಳಿಸಿಕೊಂಡು, "ಚಿರತೆ ಇದೆ ಅನ್ನೋದು ಸುದ್ದಿ ಮೇಡಂ. ಇಲ್ಲ ಅನ್ನೋದು ಹೇಗೆ ಸುದ್ದಿ ಆಗುತ್ತೆ? ದಿನಾ ಎಷ್ಟೋ ಕಡೆ ಚಿರತೆ ಇರಲ್ಲ" ಎಂದರು.

"ಅಲ್ಲೆಲ್ಲಾ ಅದ ಅಂತ ನಾವು ಹಾಕಿಲ್ಲಲ್ರಿ ಸರ್" ಎಂದೆ.

ಅದೇ ಪುಟದಲ್ಲಿ, ಅಷ್ಟೇ ಜಾಗದಲ್ಲಿ ಬರಬೇಕೆಂದೆ. ಅಷ್ಟು ಜಾಗ ಆಗುವುದಿಲ್ಲ ಎಂದರು. ಕೊನೆಗೆ ನನ್ನ ವಾದಕ್ಕಿಂತ ನಾಯಿಯ ಎರಡು ಫೋಟೋಗಳೇ ಕೆಲಸ ಮಾಡಿದವು ಎಂದು ಕಾಣುತ್ತದೆ. ಪುಟ ಅದೇ, ಜಾಗ ಕೆಳಗೆ, ಆದರೆ ಕಣ್ಣಿಗೆ ಬೀಳುವ ಹಾಗೆ ಹಾಕಿದರು. ಎರ್ರಿಸ್ವಾಮಿ ತಾನೇ ಬರೆದು ಗುಂಪಿಗೆ ಕಳಿಸಿದ. ಬೆಂಚಿನ ಮೇಲೆ ಕೂತು ಒಂದೊಂದೇ ಅಕ್ಷರ ಒತ್ತಿದ್ದನ್ನು ನಾನು ಕಂಡಿದ್ದೇನೆ. 'ಮೊದಲಿನ ವರದಿಯನ್ನು ಸ್ಥಳಕ್ಕೆ ಹೋಗದೆ ಬರೆದಿದ್ದೆವು' ಎಂಬ ವಾಕ್ಯವನ್ನು ಎರಡು ಸಲ ಅಳಿಸಿ ಮೂರನೆಯ ಸಲ ಉಳಿಸಿದ. ಆಮೇಲೆ ಕಂಪ್ಲಿಯವನು, ನೀನು ತೊಳೆದ ನಾಯಿಯ ಫೋಟೋ ನಮಗೂ ಕಳಿಸಪ್ಪ ಎಂದ. ಎಲ್ಲರೂ ಪದ್ಧತಿಯಂತೆ ತಲೆಬರಹ ಬದಲಿಸಿ, ಮೊದಲನೆಯ ವಾಕ್ಯ ಎರಡನೆಯದು ಮಾಡಿ, ತಂತಮ್ಮ ಪತ್ರಿಕೆಗೆ ಕಳಿಸಿದರು.

ಸುದ್ದಿ ಅಚ್ಚಾದ ದಿನ ಮಧ್ಯಾಹ್ನ ಬೋನು ಹೋಯಿತು. ಸಂಜೆ ನಾನೂ ಎರ್ರಿಸ್ವಾಮಿಯೂ ಅಂಗಡಿಯಲ್ಲಿ ಕೂತಿದ್ದೆವು. ಹುಲಿಗೆಮ್ಮ ಹಿಟ್ಟು ಸ್ವಲ್ಪವೇ ಕಲಸಿಕೊಂಡಿದ್ದಳು, ಕೆಟ್ಟರೆ ಎಂಬ ಹೆದರಿಕೆ. ಎರಡು ಲಾರಿ ನಿಲ್ಲದೆ ಹೋದವು. ಮೂರನೆಯದು ನಿಂತಿತು. ದಿನವೂ ಬರುತ್ತಿದ್ದ ಡ್ರೈವರು, ಹುಲಿಗೆಮ್ಮನನ್ನು ಅವ್ವಾ ಎನ್ನುವವನು. ಇಳಿಯಲಿಲ್ಲ. ಕಿಟಕಿಯಿಂದ ತಲೆ ಹಾಕಿ ಸುತ್ತ ನೋಡಿದ. ಅಂಗಳದಲ್ಲಿ ಕೂತ ಬಿಳಿ ನಾಯಿಯ ಮೇಲೆ ಅವನ ಕಣ್ಣು ಬಿತ್ತು.

"ಅವ್ವಾ, ಇದ್ಯಾವುದು ಹೊಸಾ ನಾಯಿ? ಆ ಕೆಂಪಂದು ಎಲ್ಲಿ? ಚಿರತಿ ಒಯ್ತಾ?"

ಕ್ಲೀನರು ಕೆಳಗೆ ಬಿಟ್ಟಿದ್ದ ಕಾಲನ್ನು ಮೇಲಕ್ಕೆಳೆದುಕೊಂಡ.

ಇಷ್ಟು ಕಷ್ಟಪಟ್ಟು ಇಲ್ಲವಾಗಿಸಿದ ಚಿರತೆ ಈಗ ಒಂದು ನಾಯಿಯನ್ನೂ ತಿಂದುಹಾಕಿತ್ತು. ಎರ್ರಿಸ್ವಾಮಿ ಪತ್ರಿಕೆ ಹಿಡಿದುಕೊಂಡು ಲಾರಿಯ ಹತ್ತಿರ ಓಡಿದ. ಈ ಕತ್ತಲಲ್ಲಿ ಏನು ಕಾಣುತ್ತದೆ ಮಾರಾಯ ಎಂದ ಡ್ರೈವರು. ಹುಲಿಗೆಮ್ಮ ಒಂದು ಬನ್ನು ತೆಗೆದು ಡ್ರೈವರನ ಕೈಗೆ ಕೊಟ್ಟು ಬಂದು ತನ್ನ ಜಾಗದಲ್ಲಿ ನಿಂತಳು. ಅವನು ಬನ್ನನ್ನೂ ನಾಯಿಯನ್ನೂ ನೋಡಿದ. ಅನುಮಾನದಿಂದಲೇ ಕಿಟಕಿಯ ಹೊರಗೆ ಕೈ ಚಾಚಿ ನಾಲಗೆಯಿಂದ ಒಂದು ಸದ್ದು ಮಾಡಿದ. ಅದು ಅವರಿಬ್ಬರಿಗೆ ಮಾತ್ರ ಗೊತ್ತಿದ್ದ ಸದ್ದು. ಬಿಳಿಯ ಎದ್ದು ಓಡಿ, ಹಿಂಗಾಲ ಮೇಲೆ ನಿಂತು, ಲಾರಿಯ ಬಾಗಿಲಿಗೆ ಎರಡೂ ಮುಂಗಾಲು ಆನಿಸಿ, ಬನ್ನನ್ನು ಅವನ ಬೆರಳ ನಡುವಿನಿಂದ ಮೆಲ್ಲಗೆ ಕಚ್ಚಿಕೊಂಡಿತು.

"ನೀನಾ ಏನ್ಲೇ" ಎಂದ ಡ್ರೈವರು. ಬಾಗಿಲು ತೆರೆದು ಇಳಿದ. ಎಂಜಿನ್ ಬಂದ್ ಮಾಡೆಂದು ಕ್ಲೀನರಿಗೆ ಹೇಳಿದ. ಹಿಂದೆ ಬರುತ್ತಿದ್ದ ಲಾರಿಯವರು ಇವನು ಇಳಿದದ್ದನ್ನು ಕಂಡು ತಾವೂ ಬದಿಗೆ ತೆಗೆದುಕೊಂಡರು. ಅವರ ಹಿಂದಿನವರೂ ನಿಂತರು. ಬಿಳಿ ನಾಯಿಯನ್ನು ನೋಡಲು, ಮುಟ್ಟಲು, ನಗಲು ಒಬ್ಬೊಬ್ಬರಾಗಿ ಸೇರಿಕೊಂಡು, ನಕ್ಕ ಮೇಲೆ ಹಸಿವಾಗಿ ಬೆಂಚಿಗೆ ಬಂದರು.

ಕಲಸಿದ ಹಿಟ್ಟು ಸಾಲಲಿಲ್ಲ. ಹುಲಿಗೆಮ್ಮ ಕಡಲೆಹಿಟ್ಟಿನ ಡಬ್ಬಿಗೆ ಕೈ ಹಾಕುತ್ತಾ ನಮ್ಮಿಬ್ಬರ ಕಡೆ ನೋಡಿದಳು. ಮೆಣಸಿನಕಾಯಿಯ ಬುಟ್ಟಿಯನ್ನೂ ಒಂದು ಚಾಕುವನ್ನೂ ಕಾಲಿನಿಂದ ನಮ್ಮ ಮುಂದಕ್ಕೆ ತಳ್ಳಿ, ಬರೆದದ್ದು ಸಾಕು, ಇವನ್ನು ಸೀಳಿ ಎಂದಳು. ನಾವು ಸೀಳಿದೆವು. ನಾನು ಒಂದು ಸೀಳುವುದರೊಳಗೆ ಎರ್ರಿಸ್ವಾಮಿ ನಾಲ್ಕು ಸೀಳಿ, ಹಣೆಯ ಬೆವರೊರೆಸಲು ಕೈ ಎತ್ತಿದ.

"ಅದಾ ಕೈ ಕಣ್ಣಿಗೆ ಹಚ್ಚೀರಿ ಮತ್ತ" ಎಂದಳು ಹುಲಿಗೆಮ್ಮ, ಬಾಣಲೆಗೆ ಮಿರ್ಚಿ ಬಿಡುತ್ತಾ. "ನೋಡಿ ಬರಿಯಾಕ ಕಣ್ಣಾ ಬೇಕಲ್ರಿ."